ಹೊಲಕ್ಕೆ ಬಂದ ಪ್ರಾಣಿಯ ಲೆಕ್ಕ ಯಾರ ಹತ್ತಿರ?

2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಕಾಡಿನಲ್ಲಿ ಕ್ಯಾಮೆರಾ ಕಟ್ಟಿ, ಸಿಕ್ಕ ಚಿತ್ರಗಳ ಪಟ್ಟೆ ಹೋಲಿಸಿ ಹಾಕಿದ ಅಂದಾಜು ಇದು. ಒಳ್ಳೇ ಕೆಲಸ. ಈಗ ನಮ್ಮ ಕಡೆಯ ಒಂದೆರಡು ಪ್ರಶ್ನೆ ಕೇಳಿ ನೋಡೋಣ. ಹರಿಹರ ತಾಲೂಕಿನ ಮೆಕ್ಕೆಜೋಳದ ಹೊಲಗಳಲ್ಲಿ ಅಡ್ಡಾಡುವ ನರಿ ಹತ್ತು ವರ್ಷದ ಹಿಂದಿಗಿಂತ ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ? ಭದ್ರಾ ಕಾಲುವೆ ಕೊನೆಯ ಗದ್ದೆಗಳ ಬದುವಿನಲ್ಲಿ ಕಾಡುಬೆಕ್ಕು ಈಗಲೂ ಮರಿ ಹಾಕುತ್ತದೆಯೇ? ಕೊಂಡಜ್ಜಿ ಕಾಡಿನ ಅಂಚಿನ ಹೊಲಕ್ಕೆ ರಾತ್ರಿ ಬರೋದು ಹಂದಿ ಮಾತ್ರವೋ, ಮುಳ್ಳಹಂದಿಯೂ ಇದೆಯೋ?

ಇಂಥ ಪ್ರಶ್ನೆಗೆ ಕಚೇರಿಯ ಕಡತದಲ್ಲಿ ಉತ್ತರ ಸಿಗೋದು ಕಷ್ಟ. ಹಾಗಂತ ಉತ್ತರವೇ ಇಲ್ಲ ಅಂತಲ್ಲ. ರಾತ್ರಿ ನೀರು ತಿರುಗಿಸಲು ಹೋಗುವವನಿಗೆ ಗೊತ್ತು. ಅಟ್ಟಣಿಗೆ ಮೇಲೆ ಮಲಗಿ ಬೆಳೆ ಕಾಯುವವನಿಗೆ ಗೊತ್ತು. ಕುರಿ ಹಿಂದೆ ದಿನವೆಲ್ಲ ನಡೆಯುವವನಿಗೆ, ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಗೊತ್ತು. ಆದರೆ ಗೊತ್ತಿರೋದೆಲ್ಲ ಬಾಯಲ್ಲಿದೆ, ಬರಹದಲ್ಲಿ ಇಲ್ಲ. ಕಟ್ಟೆ ಮೇಲೆ ಹೇಳಿದ್ದು ಕಟ್ಟೆ ಮೇಲೇ ಉಳಿಯುತ್ತದೆ.

ಈಗ ಬಹುತೇಕ ಮನೆಗಳಲ್ಲಿ ಕ್ಯಾಮೆರಾ ಇರುವ ಫೋನಿದೆ. ಮದುವೆ, ಜಾತ್ರೆ, ಎತ್ತು, ಟ್ರ್ಯಾಕ್ಟರ್ ಎಲ್ಲದರ ಚಿತ್ರ ತೆಗೆಯುತ್ತೇವೆ. ಹೊಲಕ್ಕೆ ಬರುವ ಪ್ರಾಣಿಯ ಚಿತ್ರವನ್ನೂ ತೆಗೆದು, ಊರು ಮತ್ತು ತಾರೀಕು ಬರೆದು ಇಡಬೇಕು ಅನ್ನೋದು ನನ್ನ ವಾದ. ಇದು ಪೇಟೆಯವರ ಹವ್ಯಾಸ ಅಂತ ಬಿಟ್ಟರೆ ನಷ್ಟ ನಮಗೇ. ನಮ್ಮ ನೆಲದ ಪ್ರಾಣಿಯ ಲೆಕ್ಕ ನಮ್ಮ ಕೈಯಲ್ಲಿರಬೇಕು.

ನಾಗರಿಕ ಅಂದರೆ ಪೇಟೆಯವನೇ?

ಸಾಮಾನ್ಯ ಜನ ಪ್ರಾಣಿ, ಪಕ್ಷಿ, ಗಿಡ ನೋಡಿ ದಾಖಲೆ ಕೊಡೋದು, ತಜ್ಞರು ಅದನ್ನು ಬಳಸೋದು. ಈ ಪದ್ಧತಿಗೆ ಕನ್ನಡದಲ್ಲಿ 'ನಾಗರಿಕ ವಿಜ್ಞಾನ' ಅನ್ನುತ್ತಾರೆ. ಹೆಸರೇ ಸ್ವಲ್ಪ ಎಡವಟ್ಟು. ನಾಗರಿಕ ಅಂದರೆ ನಗರದವನು ಅಂತಲೂ ಆಗುತ್ತದೆ. ಸದ್ಯಕ್ಕೆ ನಡೆದಿರೋದೂ ಹಾಗೇ. ದಾಖಲೆಗಳು ಹೆಚ್ಚಾಗಿ ಬರೋದು ದೊಡ್ಡ ಪೇಟೆಗಳ ಸುತ್ತಮುತ್ತಲಿಂದ ಮತ್ತು ಹೆಸರಾದ ಕಾಡುಗಳಿಂದ. ದಾವಣಗೆರೆಯಲ್ಲಾದರೆ ಕುಂದವಾಡ ಕೆರೆಗೆ ಬೆಳಗ್ಗೆ ವಾಕಿಂಗ್ ಬಂದವರು ಹಕ್ಕಿ ನೋಡುತ್ತಾರೆ. ಅಲ್ಲಿಂದ ನಾಲ್ಕು ಮೈಲಿ ದಾಟಿದ ಮೇಲೆ ಬರುವ ನಮ್ಮ ಹೊಲಗಳಿಗೆ ಕ್ಯಾಮೆರಾ ಹಿಡಿದು ಯಾರು ಬರುತ್ತಾರೆ?

ಈ ಪದ್ಧತಿ ಹೊಸದಲ್ಲ. ಅಮೆರಿಕದಲ್ಲಿ ಕ್ರಿಸ್ಮಸ್ ದಿನ ಗುಂಪು ಕಟ್ಟಿಕೊಂಡು ಹೋಗಿ ಹಕ್ಕಿ ಹೊಡೆಯುವ ರೂಢಿ ಇತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬವರು, ಹೊಡೆಯೋದು ಬಿಟ್ಟು ಎಣಿಸೋಣ ಅಂದರು. ಮೊದಲ ವರ್ಷ ಎಣಿಸಿದವರು 27 ಜನ. ಆ ಎಣಿಕೆ ಇವತ್ತಿಗೂ ನಡೆದಿದೆ. ನಮ್ಮ ದೇಶದಲ್ಲಿ 2023ರಲ್ಲಿ ಬಂದ ಹಕ್ಕಿಗಳ ಸ್ಥಿತಿಗತಿ ವರದಿಗೆ ಸುಮಾರು 30,000 ವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳೇ ಆಧಾರ. 942 ಜಾತಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ.

ಆ ವರದಿಯಲ್ಲಿ ನಮಗೆ ಬೇಕಾದ ಸಂಗತಿ ಒಂದಿದೆ. ದೇಶದಲ್ಲಿ ನವಿಲು ವಿಪರೀತ ಹೆಚ್ಚಿದೆ, ಎರಡು ದಶಕದಲ್ಲಿ ಶೇಕಡಾ 150ರಷ್ಟು ಏರಿದೆ ಅನ್ನುತ್ತದೆ. ಬಿತ್ತಿದ ಕಾಳು ನವಿಲು ಹೆಕ್ಕುತ್ತದೆ, ಮೊದಲು ಹೀಗಿರಲಿಲ್ಲ ಅಂತ ರೈತರು ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ! ನಾವು ಹೇಳಿದಾಗ ಅದು ದೂರು. ಲೆಕ್ಕ ಹೇಳಿದಾಗ ಅದು ವಿಜ್ಞಾನ. ಆ ಲೆಕ್ಕ ನಾವೇ ಇಟ್ಟಿದ್ದರೆ ಮಾತಿಗೆ ತೂಕ ಮೊದಲೇ ಬರುತ್ತಿತ್ತು.

ಕಿರುಬ ಯಾವುದು, ಚಿಗರಿ ಯಾವುದು?

ಹೆಸರು ಹೇಳಿದರೆ ಸಾಲದೇ, ಚಿತ್ರ ಯಾಕೆ ಬೇಕು ಅಂತ ಕೇಳಬಹುದು. ಸಾಲದು. ಯಾಕಂದರೆ ನಮ್ಮ ಹೆಸರುಗಳು ಊರಿಂದ ಊರಿಗೆ ಬದಲಾಗುತ್ತವೆ. 'ಕಿರುಬ' ಅಂದರೆ ಕೆಲವು ಕಡೆ ಚಿರತೆ, ಕೆಲವು ಕಡೆ ಕತ್ತೆಕಿರುಬ. ಒಂದು ಬೇಟೆಯಾಡುವ ಬೆಕ್ಕಿನ ಜಾತಿ, ಇನ್ನೊಂದು ಹೆಚ್ಚಾಗಿ ಸತ್ತದ್ದನ್ನು ತಿಂದು ಊರು ಚೊಕ್ಕಟ ಮಾಡುವಂಥದು. 'ಚಿಗರಿ' ಅಂದರೆ ಹೊಳೆ ಆಚೆ ರಾಣೆಬೆನ್ನೂರು ಕಡೆಯವರಿಗೆ ಕೃಷ್ಣಮೃಗ, ಬೇರೆ ಕಡೆ ಯಾವ ಜಿಂಕೆಯಾದರೂ ಚಿಗರಿಯೇ. 'ನರಿ' ಅಂದರೆ ಒಬ್ಬರಿಗೆ ರಾತ್ರಿ ಊಳಿಡುವ ದೊಡ್ಡ ನರಿ, ಇನ್ನೊಬ್ಬರಿಗೆ ಬಯಲಲ್ಲಿ ಬಿಲ ತೋಡಿಕೊಂಡು ಇಲಿ ಹಿಡಿಯುವ ಸಣ್ಣ ನರಿ.

ಕೊಂಡುಕುರಿಯ ಕಥೆ ಇನ್ನೂ ಸ್ವಾರಸ್ಯ. ನಮ್ಮ ಜಿಲ್ಲೆಯ ಜಗಳೂರು ತಾಲೂಕಿನ ರಂಗಯ್ಯನದುರ್ಗ 2011ರಲ್ಲಿ ವನ್ಯಧಾಮ ಆಗಿದ್ದೇ ಈ ಪ್ರಾಣಿಗಾಗಿ. ಕಾಡಿನಲ್ಲಿ ಬದುಕುವ ಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರೋದು ಇದೊಂದಕ್ಕೇ. ಪ್ರಪಂಚದಲ್ಲಿ ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ನಾಲ್ಕು ಕೊಂಬು ಗಂಡಿಗೆ ಮಾತ್ರ, ಹೆಣ್ಣಿಗೆ ಕೊಂಬೇ ಇಲ್ಲ. ಹಾಗಾಗಿ ಹೆಣ್ಣು ಕೊಂಡುಕುರಿ ನೋಡಿದವರು ಕಾಡುಕುರಿ ಅನ್ನುತ್ತಾರೆ, ಜಿಂಕೆಮರಿ ಅನ್ನುತ್ತಾರೆ. ಮುಂಗಾಲಿನ ಮುಂಭಾಗದಲ್ಲಿ ಕಪ್ಪು ಗೆರೆ ಇದ್ದರೆ ಕೊಂಡುಕುರಿ ಇರಬಹುದು. ಬಾಯಿಮಾತಲ್ಲಿ ಇದನ್ನು ತೀರ್ಮಾನಿಸಲಾಗದು. ಒಂದು ಚಿತ್ರ ಇದ್ದರೆ ತಿಳಿದವರು ನೋಡಿ ಹೇಳುತ್ತಾರೆ.

ಒಂದು ಚಿತ್ರ ಏನು ಮಾಡುತ್ತದೆ?

ತುಮಕೂರು ಜಿಲ್ಲೆಯ ಶಿರಾ ತಾಲೂಕಿನ ಬುಕ್ಕಾಪಟ್ಟಣದ ಒಣ ಕಾಡು ನೋಡಿ. ಚಿಂಕಾರ ಅನ್ನುವ ಸಣ್ಣ ಹುಲ್ಲೆ ಉತ್ತರ ಕರ್ನಾಟಕದ ಪ್ರಾಣಿ ಅಂತಲೇ ತಿಳಿದಿದ್ದರು. ಚಿರತೆ ಸಂಶೋಧಕ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಬುಕ್ಕಾಪಟ್ಟಣದಲ್ಲಿ ಅದರ ಚಿತ್ರ ಸಮೇತ ದಾಖಲೆ ಮಾಡಿದರು. 2019ರಲ್ಲಿ ಅದು ಚಿಂಕಾರ ವನ್ಯಧಾಮ ಆಯಿತು. 2014ರ ಸುಮಾರಿಗೆ ಕಾವೇರಿ ವನ್ಯಧಾಮದಲ್ಲಿ ತರಕರಡಿಯ ಚಿತ್ರ ಸಿಕ್ಕಿದ್ದೂ ಹೀಗೇ. ಅಲ್ಲಿನ ಕುರಿಗಾಹಿಗಳು, ರೈತರು ಈ ಪ್ರಾಣಿಗಳನ್ನು ತಲೆಮಾರಿನಿಂದ ಕಂಡವರೇ ಇರಬೇಕು. ಆದರೆ ಲೆಕ್ಕಕ್ಕೆ ಬಂದದ್ದು ಚಿತ್ರ ಬಂದ ಮೇಲೆ.

ದೊಡ್ಡ ಪ್ರಾಣಿ ಮಾತ್ರ ಅಲ್ಲ. ಮೆಕ್ಕೆಜೋಳ ಬೆಳೆಯುವ ನಮಗೆ 2018 ಮರೆಯುವ ವರ್ಷವಲ್ಲ. ಎಲೆಯ ಸುಳಿ ಒಳಗೆ ಕೂತು ತಿನ್ನುವ ಒಂದು ಹುಳು ಬಂತು. ಮಾಮೂಲಿ ಕಾಂಡಕೊರಕ ಅಂದರು ಕೆಲವರು, ಹಳೇ ಸೈನಿಕ ಹುಳು ಅಂದರು ಕೆಲವರು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟತಜ್ಞರು, ಇದು ಅಮೆರಿಕ ಮೂಲದ ಫಾಲ್ ಸೈನಿಕ ಹುಳು, ಭಾರತಕ್ಕೆ ಹೊಸದು ಅಂತ ಗುರುತಿಸಿದರು. 2016ರಲ್ಲಿ ಆಫ್ರಿಕಾಕ್ಕೆ ಬಂದ ಹುಳು ಎರಡೇ ವರ್ಷದಲ್ಲಿ ನಮ್ಮ ಸುಳಿಯೊಳಗೆ ಕೂತಿತ್ತು. ಅದರ ಗುರುತು ಫೋನಿನ ಕ್ಯಾಮೆರಾಕ್ಕೂ ಸಿಗುವಂಥದೇ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಹೆಸರು ಗೊತ್ತಾಗದೆ ಔಷಧಿ ಹೊಡೆದವರ ದುಡ್ಡು ಎಷ್ಟು ಹೋಯಿತು ಅಂತ ಲೆಕ್ಕ ಹಾಕಿದರೆ, ಸರಿಯಾದ ಹೆಸರಿನ ಬೆಲೆ ತಿಳಿಯುತ್ತದೆ. ಮುಂದಿನ ಹೊಸ ಹುಳು ಬಂದಾಗ ಮೊದಲು ಕಾಣೋದು ಯಾರಿಗೆ? ಹೊಲದವನಿಗೇ.

ಚಿರತೆ ವಿಷಯಕ್ಕೆ ಬನ್ನಿ. ಒಂದು ಊರಲ್ಲಿ ಚಿರತೆ ಕಂಡಿತು ಅಂದರೆ ವಾರದಲ್ಲಿ ಸುತ್ತಲ ಐದು ಊರಲ್ಲಿ ಕಾಣುತ್ತದೆ. ಐದು ಚಿರತೆಯೋ, ಒಂದೇ ಐದು ಊರು ಸುತ್ತಿತೋ? ಚಿರತೆಯ ಮೈಮೇಲಿನ ಚುಕ್ಕೆ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಯ ಪಟ್ಟೆ ನೋಡಿ ಲೆಕ್ಕ ಹಾಕುವ ವಿಧಾನ ತಂದದ್ದು ಇದೇ ತತ್ವದ ಮೇಲೆ. ಮಗ್ಗುಲಿನ ಚಿತ್ರ ಸ್ಪಷ್ಟವಾಗಿ ಇದ್ದರೆ ಐದೋ ಒಂದೋ ಅಂತ ಹೇಳಬಹುದು. ಎಡ ಮಗ್ಗುಲಿನ ಚುಕ್ಕೆಯೇ ಬೇರೆ, ಬಲ ಮಗ್ಗುಲಿನದೇ ಬೇರೆ. ಆದ್ದರಿಂದ ಒಂದೇ ಮಗ್ಗುಲಿನ ಚಿತ್ರಗಳನ್ನು ಹೋಲಿಸಬೇಕು. ನಾಯಿಯಷ್ಟೆತ್ತರದ ಕಾಡುಬೆಕ್ಕನ್ನು ನೋಡಿ ಊರಿಗೆ ಊರೇ ಬಾಗಿಲು ಹಾಕಿಕೊಳ್ಳೋದೂ ಆಗ ತಪ್ಪುತ್ತದೆ.

ಕಬ್ಬು ಕಡಿಯುವಾಗ ಮರಿ ಸಿಕ್ಕರೂ ಇದೇ ಮಾತು. ಮೈಮೇಲೆ ಒತ್ತಾದ ಚುಕ್ಕೆ, ಉದ್ದ ಬಾಲ ಇದ್ದರೆ ಚಿರತೆ ಮರಿ. ಮೈ ಒಂದೇ ಬಣ್ಣ, ಬಾಲ ಗಿಡ್ಡ, ಕಿವಿ ತುದಿಯಲ್ಲಿ ಸಣ್ಣ ಕೂದಲು ಇದ್ದರೆ ಕಾಡುಬೆಕ್ಕಿನ ಮರಿ. ಮುಟ್ಟದೆ ದೂರದಿಂದ ಒಂದು ಚಿತ್ರ ತೆಗೆದು, ಆ ತುಂಡಿನ ಕೊಯ್ಲು ನಿಲ್ಲಿಸಿ ಈಚೆ ಬರಬೇಕು. ತಾಯಿ ಹತ್ತಿರದಲ್ಲೇ ಇರುತ್ತದೆ, ರಾತ್ರಿ ಬಂದು ಸಾಗಿಸುತ್ತದೆ.

ಹೇಗೆ ತೆಗೆಯಬೇಕು?

ಚಂದದ ಚಿತ್ರ ಬೇಡ, ಗುರುತು ಸಿಗುವ ಚಿತ್ರ ಬೇಕು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಇದ್ದುಕೊಂಡು ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ ರೋಲಿಗೆ 36 ಚಿತ್ರ, ಆಮೇಲೆ ತೊಳೆಸುವ ಖರ್ಚು ಬೇರೆ. ಕೃಷಿಕನಾಗಿದ್ದೂ ಅವರು ಆ ಕೆಲಸ ಬಿಡಲಿಲ್ಲ. ನಮಗೆ ಈಗ ರೋಲಿನ ಖರ್ಚಿಲ್ಲ. ಹತ್ತು ತೆಗೆದು ಒಂದು ಉಳಿಸಿಕೊಂಡರೂ ಆಯಿತು.

ಗಮನಿಸಬೇಕಾದ್ದು ಇಷ್ಟು:

ಒಂದು, ಪ್ರಾಣಿ ದೂರ ಇದ್ದರೂ ಮೊದಲು ಒಂದು ಚಿತ್ರ ತೆಗೆದುಬಿಡಿ. ಹತ್ತಿರ ಹೋಗಿ ತೆಗೆಯೋಣ ಅನ್ನುವಷ್ಟರಲ್ಲಿ ಅದು ಮಾಯ. ಸಾಧ್ಯವಾದರೆ ಮಗ್ಗುಲು, ತಲೆ, ಬಾಲ ಮೂರೂ ಕಾಣಲಿ.

ಎರಡು, ಪ್ರಾಣಿ ಸಿಗದಿದ್ದರೆ ಹೆಜ್ಜೆ ಸಾಕು. ಹೆಜ್ಜೆ ಪಕ್ಕ ಒಂದು ಬೆಂಕಿಪೊಟ್ಟಣ ಅಥವಾ ನಾಣ್ಯ ಇಟ್ಟು, ನೇರ ಮೇಲಿಂದ ತೆಗೆಯಿರಿ. ಅಳತೆ ತಿಳಿಯುತ್ತದೆ. ನಾಯಿ, ನರಿ, ತೋಳ, ಕತ್ತೆಕಿರುಬದ ಹೆಜ್ಜೆಯಲ್ಲಿ ಉಗುರಿನ ಗುರುತು ಕಾಣುತ್ತದೆ. ಚಿರತೆ, ಕಾಡುಬೆಕ್ಕು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುವುದರಿಂದ ಸಾಮಾನ್ಯವಾಗಿ ಕಾಣುವುದಿಲ್ಲ. ಹಿಕ್ಕೆ, ಮುಳ್ಳು, ಉದುರಿದ ಗರಿ, ಬಿಲದ ಬಾಯಿ ಇವೂ ದಾಖಲೆಯೇ.

ಮೂರು, ಕುರಿ ಅಥವಾ ಕರು ಸತ್ತಿದ್ದರೆ ಹೆಣ ಜರುಗಿಸುವ ಮೊದಲು ಚಿತ್ರ ತೆಗೆಯಿರಿ. ಕುತ್ತಿಗೆಯ ಕಚ್ಚು, ತಿಂದ ಭಾಗ, ಸುತ್ತಲಿನ ಹೆಜ್ಜೆ ಎಲ್ಲ ಬರಲಿ. ಕಾಡುಪ್ರಾಣಿ ಕೊಂದದ್ದಕ್ಕೆ ಸರ್ಕಾರದ ಪರಿಹಾರ ಇದೆ, ಊರ ನಾಯಿ ಕೊಂದದ್ದಕ್ಕೆ ಆ ಲೆಕ್ಕದಲ್ಲಿ ಸಿಗೋದಿಲ್ಲ. ತೀರ್ಮಾನ ನಿಲ್ಲೋದು ಪ್ರಾಣಿ ಯಾವುದು ಅನ್ನೋದರ ಮೇಲೆ. ಮರುದಿನ ಯಾರಾದರೂ ಬಂದು ನೋಡುವಷ್ಟರಲ್ಲಿ ಮಳೆ ಬಂದು ಹೆಜ್ಜೆ ಅಳಿಸಿರುತ್ತದೆ. ಫೋನಿನಲ್ಲಿರುವುದು ಅಳಿಸಿರುವುದಿಲ್ಲ.

ನಾಲ್ಕು, ದಾವಣಗೆರೆ ಹರಿಹರ ನಡುವಿನ ಹೆದ್ದಾರಿಯಲ್ಲಿ, ಊರ ರಸ್ತೆಗಳಲ್ಲಿ ವಾಹನಕ್ಕೆ ಸಿಕ್ಕು ಸತ್ತ ಪುನುಗುಬೆಕ್ಕು, ಮುಂಗುಸಿ, ಉಡ, ಹಾವು ಇವೂ ಲೆಕ್ಕಕ್ಕೆ ಬೇಕು. ಸತ್ತದ್ದು ಓಡುವುದಿಲ್ಲ, ನಿಧಾನ ತೆಗೆಯಬಹುದು. ಆದರೆ ರಸ್ತೆ ನಡುವೆ ನಿಂತು ತೆಗೆಯಬೇಡಿ.

ಐದು, ವಾಟ್ಸಾಪಿನಲ್ಲಿ ಚಿತ್ರ ಕಳಿಸಿದರೆ ಅದು ಸಣ್ಣದಾಗುತ್ತದೆ, ಚಿತ್ರದ ಒಳಗೆ ಸೇರಿದ್ದ ಜಾಗ, ಸಮಯದ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಇದಕ್ಕಿಂತ ಸುಲಭ, ಒಂದು ಹಾಳೆಯಲ್ಲಿ ಊರು, ತಾರೀಕು, ಹೊತ್ತು, ಯಾವ ಬೆಳೆ ಇತ್ತು, ಏನು ಮಾಡುತ್ತಿತ್ತು, ನಮ್ಮಲ್ಲಿ ಏನು ಹೆಸರು ಅಂತ ಬರೆದಿಡೋದು.

ತೆಗೆದ ಮೇಲೆ ಎಲ್ಲಿಗೆ ಕೊಡಬೇಕು? ಹುಳುವಾದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ. ದಾವಣಗೆರೆಯಲ್ಲಿ ತರಳಬಾಳು ಕೇಂದ್ರ ಇದೆ. ಹಕ್ಕಿಗೆ ಈಬರ್ಡ್, ಎಲ್ಲ ಜೀವಿಗೂ ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಂತ ಫೋನಿನಲ್ಲೇ ಸಿಗುವ ವ್ಯವಸ್ಥೆಗಳಿವೆ. ಐನ್ಯಾಚುರಲಿಸ್ಟಿನಲ್ಲಿ ಚಿತ್ರ ಹಾಕಿದವರ ಮಾತೊಂದೇ ಅಂತಿಮ ಅಲ್ಲ. ಬೇರೆಯವರೂ ನೋಡಿ ಹೌದು ಅಂದ ಮೇಲೆಯೇ ಅದು ಸಂಶೋಧನೆಗೆ ಬಳಸುವ ದರ್ಜೆಗೆ ಏರುತ್ತದೆ. ಬಳಸಲು ಮನೆಯಲ್ಲಿ ಓದುವ ಮಕ್ಕಳ ಸಹಾಯ ತಗೊಳ್ಳಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ, ಭಾರತ ಅದಕ್ಕೆ ಸೇರಿದ್ದು 2013ರಲ್ಲಿ. ಸುಗ್ಗಿ ಮುಗಿದ ಹೊತ್ತು. ಶಾಲೆ ಮಕ್ಕಳನ್ನು ಕಣಕ್ಕೆ, ಕೆರೆ ಏರಿಗೆ ಕರೆದೊಯ್ಯಬಹುದು.

ಏನು ಮಾಡಬಾರದು?

ಚಿತ್ರದ ಆಸೆಗೆ ಪ್ರಾಣಿಯ ಬೆನ್ನು ಹತ್ತಬಾರದು. ಮರಿ ಎತ್ತಿ ಹಿಡಿದು, ಬಿಲಕ್ಕೆ ಹೊಗೆ ಹಾಕಿ, ಗೂಡಿನ ಮರೆ ಸರಿಸಿ ತೆಗೆಯೋದು ದಾಖಲೆ ಅಲ್ಲ, ಹಿಂಸೆ. ಕಾಡುಪ್ರಾಣಿ ಹಿಡಿಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಹಾವಿನ ವಿಷಯದಲ್ಲಿ ದುಪ್ಪಟ್ಟು ಎಚ್ಚರ ಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ಹೆಚ್ಚಿನವರು ಹಳ್ಳಿಯವರು. ನಮ್ಮ ರಾಜ್ಯ 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕೊಳಕುಮಂಡಲ ಅಂತ ಮಣ್ಣುಮುಕ್ಕನನ್ನು ಹೊಡೆಯೋದು, ನಾಗರ ಅಂತ ಇಲಿ ಹಿಡಿಯುವ ಕೇರೆಯನ್ನು ಹೊಡೆಯೋದು ದಿನಾ ನಡೆಯುತ್ತದೆ. ದೂರದಿಂದ ತೆಗೆದ ಚಿತ್ರ ಊರ ಗುಂಪಿನಲ್ಲಿ ಇದ್ದರೆ ಯಾವುದು ಯಾವುದು ಅಂತ ಕಲಿಯಬಹುದು. ಆದರೆ ಕಡಿದ ಮೇಲೆ ಹಾವು ಹುಡುಕುತ್ತಾ, ಚಿತ್ರ ತೆಗೆಯುತ್ತಾ ಕೂರಬೇಡಿ. ಹಾವನ್ನು ಕೊಂದು ಒಯ್ಯುವುದೂ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಔಷಧಿ ಇದೆ. ಲಕ್ಷಣ ನೋಡಿ ವೈದ್ಯರು ಕೊಡುತ್ತಾರೆ. ಬೇಕಾದ್ದು ಚಿತ್ರ ಅಲ್ಲ, ಬೇಗ ಆಸ್ಪತ್ರೆ ಸೇರೋದು.

ಮೂರನೆಯದು ಜಾಗದ ಗುಟ್ಟು. ಎರಡು ತಲೆ ಹಾವು ಅಂತ ಮಣ್ಣುಮುಕ್ಕನನ್ನು, ಚಿಪ್ಪಿಗಾಗಿ ಚಿಪ್ಪುಹಂದಿಯನ್ನು ಹಿಡಿದು ಮಾರುವ ಜಾಲ ಇದೆ. ಪೊಲೀಸರು ಹಿಡಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. 'ನಮ್ಮ ಹೊಲದಲ್ಲಿ ಚಿಪ್ಪುಹಂದಿ' ಅಂತ ಜಾಗ ಸಮೇತ ಹತ್ತು ಗುಂಪಿಗೆ ಹಂಚಿದರೆ ಮರುರಾತ್ರಿ ಬರುವವರು ವಿಜ್ಞಾನಿಗಳಲ್ಲ. ಅಪರೂಪದ ಪ್ರಾಣಿಯ ಚಿತ್ರಕ್ಕೆ ತಾಲೂಕಿನ ಹೆಸರು ಸಾಕು. ಐನ್ಯಾಚುರಲಿಸ್ಟಿನಲ್ಲಿ ಅಪಾಯದಲ್ಲಿರುವ ಜಾತಿಗಳ ನಿಖರ ಜಾಗ ತಾನಾಗಿಯೇ ಮರೆಯಾಗುತ್ತದೆ. ಬೇಕಾದರೆ ಎಲ್ಲ ಚಿತ್ರಕ್ಕೂ ಹಾಗೆ ಮರೆಮಾಡಬಹುದು.

ಬೇಲಿ ಬಂದೀತು ಅನ್ನುವ ಭಯ

ಈಗ ದೊಡ್ಡ ಆಕ್ಷೇಪಣೆ. "ನೀವು ಫೋಟೋ ಹಾಕ್ರಿ, ಆಮೇಲೆ ಅರಣ್ಯದವರು ಬಂದು ಇಲ್ಲಿ ಕುರಿ ಮೇಯಿಸಬೇಡಿ ಅಂತಾರೆ. ಇರೋ ಜಾಗನೂ ಹೋಗತ್ತೆ." ಕುರಿ ಕಾಯುವವರು, ಕಾಡಂಚಿನ ರೈತರು ಹೀಗೆ ಹೇಳುವುದನ್ನು ತಳ್ಳಿಹಾಕುವ ಹಾಗಿಲ್ಲ. ವನ್ಯಧಾಮ ಆದ ಮೇಲೆ ಮೇವು, ಸೌದೆಗೆ ಕಟ್ಟುಪಾಡು ಬರುತ್ತದೆ. ರಂಗಯ್ಯನದುರ್ಗ, ಬುಕ್ಕಾಪಟ್ಟಣ ಎರಡೂ ಮುಖ್ಯವಾಗಿ ಮೊದಲೇ ಅರಣ್ಯ ಅಂತಿದ್ದ ಜಾಗಗಳು, ಯಾರದೋ ಪಟ್ಟಾ ಹೊಲದಲ್ಲಿ ಒಂದು ಚಿತ್ರ ಬಂತು ಅಂತ ಹೊಲ ಧಾಮ ಆಗಿದ್ದಲ್ಲ. ಆದರೂ ಆ ಕಾಡಿನ ಹುಲ್ಲನ್ನು ನಂಬಿದವರ ಭಯ ಸುಳ್ಳಲ್ಲ.

ಆದರೆ ಲೆಕ್ಕ ಇಲ್ಲದಿದ್ದರೆ ನಾವು ಸುರಕ್ಷಿತವೇ? ರಾಣೆಬೆನ್ನೂರಿನ ಕಥೆ ನೋಡಿ. ಹರಿಹರದ ಸೇತುವೆ ದಾಟಿದರೆ ಸಿಗುವ ಸೀಮೆ. 1974ರಲ್ಲಿ 119 ಚದರ ಕಿ.ಮೀ. ಕೃಷ್ಣಮೃಗ ಧಾಮ ಆಯಿತು. ಪುಸ್ತಕದಲ್ಲಿ ಬಸ್ಟರ್ಡ್ ಅಂತ ಬರೆಯುವ ಎರೆಭೂತವೂ ಅಲ್ಲಿತ್ತು. ಎರೆಭೂತಕ್ಕೆ ಬೇಕಾದ್ದು ಕಾಡಲ್ಲ, ಕಣ್ಣು ಹಾಯುವಷ್ಟು ಬಯಲು ಹುಲ್ಲುಗಾವಲು. ಆ ಬಯಲಲ್ಲಿ ನೀಲಗಿರಿ ನೆಡುತೋಪು ಎದ್ದಿತು. ಮರ ಬಂತು, ಹುಲ್ಲು ಹೋಯಿತು, ಎರೆಭೂತ ಇಲ್ಲವಾಯಿತು. ಈಗ ನಮ್ಮ ರಾಜ್ಯದಲ್ಲಿ ಆ ಹಕ್ಕಿ ಬಳ್ಳಾರಿಯ ಸಿರುಗುಪ್ಪ ಕಡೆಯ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಬಯಲೆಂದರೆ ಪಾಳು, ಮರ ನೆಟ್ಟರೆ ಉದ್ಧಾರ ಅನ್ನುವ ತೀರ್ಮಾನಕ್ಕೆ ಹಕ್ಕಿಯೂ ಬಲಿ, ಕುರಿಯ ಹುಲ್ಲೂ ಬಲಿ. ಆ ಬಯಲಲ್ಲಿ ಯಾವ ಹಕ್ಕಿ ಎಲ್ಲಿ ಮೊಟ್ಟೆ ಇಡುತ್ತದೆ, ಯಾವ ತಿಂಗಳು ಕುರಿ ಎಲ್ಲಿ ಮೇಯುತ್ತದೆ ಅಂತ ಕುರಿಗಾಹಿಗಳು ಚಿತ್ರ ಸಮೇತ ಬರೆದಿಟ್ಟ ದಾಖಲೆ ಒಂದಿದ್ದಿದ್ದರೆ, ತಡೆಯಲು ಕೈಯಲ್ಲಿ ಏನಾದರೂ ಇರುತ್ತಿತ್ತು.

ಇದೇ ತುಂಗಭದ್ರೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಲ್ಲಿ ನೀರುನಾಯಿಗಾಗಿ ಸಂರಕ್ಷಿತ ಪ್ರದೇಶ ಆಯಿತು. ನಾಳೆ ನಮ್ಮ ಭಾಗದ ಹೊಳೆ ಬಗ್ಗೆಯೂ ಮಾತು ಬರಬಹುದು. ಮರಳು, ಮೀನು, ಪಂಪ್‌ಸೆಟ್ಟು ಎಲ್ಲ ಆ ಮಾತಿನೊಳಗೆ ಬರುತ್ತವೆ. ಆ ದಿನ ಸಭೆಯಲ್ಲಿ ಬೇರೆಯವರ ನಕ್ಷೆ ಮಾತ್ರ ಇರಬೇಕೋ, ನಮ್ಮ ದಾಖಲೆಯೂ ಇರಬೇಕೋ? ಲೆಕ್ಕ ಇಡದವನ ಮಾತು ಸಂತೆಯಲ್ಲೂ ನಡೆಯುವುದಿಲ್ಲ, ಸಭೆಯಲ್ಲೂ ನಡೆಯುವುದಿಲ್ಲ.

ಬೆಳೆಹಾನಿಯ ವಾದಕ್ಕೂ ಇದೇ ಬಲ. ಹಂದಿ ಯಾವ ತಿಂಗಳು, ಯಾವ ಬೆಳೆಯ ಯಾವ ಹಂತಕ್ಕೆ, ಯಾವ ಕಡೆಯಿಂದ ಬರುತ್ತದೆ ಅಂತ ಮೂರು ವರ್ಷದ ಚಿತ್ರ ಒಂದು ಊರಲ್ಲಿ ಇದ್ದರೆ, ಎಲ್ಲಿ ಕಾವಲು ಬೇಕು, ಯಾವ ತುಂಡಿಗೆ ಬೇಲಿ ಸಾಕು ಅಂತ ನಾವೇ ತೀರ್ಮಾನಿಸಬಹುದು. ಪರಿಹಾರದ ಅರ್ಜಿಗೂ ಅದೇ ಆಧಾರ.

ಪಂಚಾಯ್ತಿಯ ಪುಸ್ತಕ

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿ ಅಂತ ಪುಸ್ತಕ ಬರೆಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು 1990ರ ದಶಕದಲ್ಲೇ ಊರವರ ತಿಳಿವಳಿಕೆ ಊರವರ ಪುಸ್ತಕದಲ್ಲಿರಲಿ ಅಂತ ಇದಕ್ಕಾಗಿ ಓಡಾಡಿದವರು. ಆಶಯ ಒಳ್ಳೆಯದೇ. ಆಮೇಲೆ ಬಹಳ ಕಡೆ ಗಡುವಿನ ಗಡಿಬಿಡಿಯಲ್ಲಿ ಪುಸ್ತಕ ತುಂಬಿಸಿದ್ದಾಯಿತು. ನಿಮ್ಮ ಪಂಚಾಯ್ತಿಯಲ್ಲಿ ಅದು ಯಾವ ಬೀರುವಿನಲ್ಲಿದೆ ಅಂತ ಕೇಳಿ. ತೆಗೆಸಿ ಓದಿ. ನಮ್ಮ ಹೊಲದ ಪ್ರಾಣಿಗಳ ಹೆಸರು ಅದರಲ್ಲಿ ಇದೆಯೇ, ನಮ್ಮ ಬಾಯಿಯ ಹೆಸರಲ್ಲೇ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಲು ಚಿತ್ರ ಕೊಡಿ.

ಎರಡು ಬೇಡಿಕೆಯನ್ನೂ ಈಗಲೇ ಇಡೋಣ. ಚಿತ್ರ ತಗೊಂಡವರು ಉತ್ತರವನ್ನು ಕನ್ನಡದಲ್ಲಿ ಊರಿಗೆ ಕೊಡಬೇಕು. ಪ್ರಾಣಿಯ ಹೆಸರು, ಅದು ಏನು ತಿನ್ನುತ್ತದೆ, ಬೆಳೆಗೆ ನಷ್ಟವೋ ಲಾಭವೋ ಅಂತ ಹೇಳಬೇಕು. ಇಲಿ ತಿನ್ನುವ ಕಾಡುಬೆಕ್ಕಿಗೂ ಗೂಬೆಗೂ ನಾವು ಮಾಡುವ ಮರ್ಯಾದೆ ಆಗ ಬದಲಾಗುತ್ತದೆ. ಎರಡನೆಯದು, ನಮ್ಮ ದಾಖಲೆ ಬಳಸಿ ನಮ್ಮ ಊರಿನ ಬಗ್ಗೆ ತೀರ್ಮಾನ ಮಾಡುವುದಾದರೆ ಆ ಸಭೆಗೆ ನಮ್ಮನ್ನೂ ಕರೆಯಬೇಕು. ಬರೀ ಚಿತ್ರ ಕೊಡುವ ಕೂಲಿಗಳಾಗುವುದು ಬೇಡ.

ಶುರು ಮಾಡೋದು ಕಷ್ಟವಿಲ್ಲ. ಊರಿಗೆ ಇಬ್ಬರು ಮೂವರು ಆಸಕ್ತರು ಸಾಕು. ಈ ಮುಂಗಾರಿನ ಬಿತ್ತನೆಯಿಂದ ಹಿಂಗಾರಿನ ಕೊಯ್ಲಿನವರೆಗೆ ಹೊಲದಲ್ಲಿ ಕಂಡದ್ದನ್ನು ತೆಗೆದು, ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಕು ಬರೆಯಿರಿ. ಗುರುತು ಸಿಗದ್ದನ್ನು ನಮ್ಮ ಪತ್ರಿಕೆಗೇ ಕಳಿಸಿದರೆ ತಿಂಗಳಿಗೆ ಅರ್ಧ ಪುಟ ಅದಕ್ಕೆ ಮೀಸಲಿಡಲು ಸಂಪಾದಕರನ್ನು ಕೇಳೋಣ. ತಿಳಿದವರಿಂದ ಹೆಸರು ಕೇಳಿ ಅಚ್ಚು ಮಾಡಲಿ. ದಾವಣಗೆರೆಯವರ ಕಿರುಬ, ಹರಿಹರದವರ ಕಿರುಬ, ಮಲೆನಾಡಿನವರ ಕಿರುಬ ಒಂದೇ ಪುಟದಲ್ಲಿ ಅಕ್ಕಪಕ್ಕ ಬಂದರೆ ಎಷ್ಟೋ ಜಗಳ ಅಲ್ಲೇ ತೀರುತ್ತದೆ. ಇದಕ್ಕೆ ಒಪ್ಪದವರೂ ಇರಬಹುದು. ಅವರೂ ಬರೆಯಲಿ.